ಕೊಡಗಿನ ಬೇಸಿಗೆಯಲ್ಲಿ ಹಾಲಿನ ಹಸು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಹತ್ತಿರ ನಮ್ಮದು ನಾಲ್ಕು ಹಸುವಿನ ಕೊಟ್ಟಿಗೆ. ಮನೆ ಹಿಂದೆ ಸ್ವಲ್ಪ ಕಾಫಿ ತೋಟ, ಕೆಳಗೆ ಗದ್ದೆ. ಫೆಬ್ರವರಿ ಕೊನೆಯಿಂದ ಮೇ ತನಕ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುವ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರಲ್ಲ. ಇಪ್ಪತ್ತು ವರ್ಷ ಸಗಣಿ ಬಾಚಿದ ಅನುಭವ, ಪಶುವೈದ್ಯರಿಂದ ಕೇಳಿ ಕಲಿತದ್ದು, ಕೈಸುಟ್ಟುಕೊಂಡು ಕಲಿತದ್ದು, ಎಲ್ಲ ಸೇರಿಸಿ ಬರೆದಿದ್ದೇನೆ.

ಕೊಡಗು ತಂಪು ಜಾಗ ಅಲ್ವಾ? ಇಲ್ಲಿನ ಹಸುವಿಗೆ ಎಂಥ ಸೆಖೆ?

ತಂಪು ನಮಗೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿನ ಮೂಲ ನೆದರ್ಲೆಂಡ್ಸ್ ಕಡೆ, ಜೆರ್ಸಿಯದ್ದು ಇಂಗ್ಲಿಷ್ ಕಾಲುವೆಯ ಒಂದು ಪುಟ್ಟ ದ್ವೀಪ. ಅವುಗಳ ಮಿಶ್ರತಳಿಯೇ ನಮ್ಮ ಕೊಟ್ಟಿಗೆಯಲ್ಲಿರುವುದು. 25 ಡಿಗ್ರಿ ದಾಟಿದರೆ ಅವಕ್ಕೆ ಕಷ್ಟ ಶುರು. ಜೊತೆಗೆ ಹಸುವಿನ ಹೊಟ್ಟೆಯೊಳಗೇ ಒಂದು ಒಲೆ ಇದೆ. ತಿಂದ ಹುಲ್ಲು ಅಲ್ಲಿ ಹುಳಿತು ಕೊಳೆಯುವಾಗ ಬಿಸಿ ಹುಟ್ಟುತ್ತದೆ. ಜಾಸ್ತಿ ಹಾಲು ಕೊಡುವ ಹಸು ಜಾಸ್ತಿ ತಿನ್ನುತ್ತದೆ, ಅದರ ಒಲೆಯೂ ಜಾಸ್ತಿ ಉರಿಯುತ್ತದೆ. ನಮ್ಮಷ್ಟು ಬೆವರು ಸುರಿಸಿ ತಣ್ಣಗಾಗುವ ಶಕ್ತಿಯೂ ಅದಕ್ಕೆ ಇಲ್ಲ.

ಇನ್ನೊಂದು ಮುಖ್ಯ ವಿಷಯ ಗಾಳಿಯ ತೇವ. ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಒಂದು ಸೂಚ್ಯಂಕ ಇದೆ, ಟಿಎಚ್‌ಐ ಅನ್ನುತ್ತಾರೆ. ಅದು 72 ದಾಟಿದರೆ ಹಾಲಿನ ಹಸುವಿಗೆ ಒತ್ತಡ. ಜಾಸ್ತಿ ಹಾಲಿನ ಹಸುವಿಗೆ 68ರಲ್ಲೇ ಶುರುವಾಗುತ್ತದೆ. ಒಣ ಸೀಮೆಯಲ್ಲಿ 33 ಡಿಗ್ರಿ ಬಿಸಿಲು, 30 ಶೇಕಡಾ ತೇವ ಇದ್ದರೆ ಲೆಕ್ಕ 78–79 ಬರುತ್ತದೆ. ನಮ್ಮಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮಾರನೇ ದಿನ 28 ಡಿಗ್ರಿ, 80 ಶೇಕಡಾ ತೇವ ಇದ್ದರೆ? ಸುಮಾರು 80. ಅಂದರೆ ಬಯಲುಸೀಮೆಯ ಆ ಸುಡುಬಿಸಿಲಿಗಿಂತ ನಮ್ಮ "ತಂಪು" ದಿನವೇ ಹಸುವಿಗೆ ಒಂದು ಕೈ ಜಾಸ್ತಿ.

ಕೊಡಗಿನವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಳೆದು ದಿನಚರಿ ಪುಸ್ತಕದಲ್ಲಿ ಬರೆದಿಡುವವರು. ಫೋನ್ ಮಾಡಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟು ಆಯ್ತು?" ಆದರೆ ಕೊಟ್ಟಿಗೆಯೊಳಗಿನ ಬಿಸಿ ಎಷ್ಟು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಬಿಸಿ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಸುವಿನ ತಲೆ ಎತ್ತರಕ್ಕೆ, ಅದರ ನಾಲಿಗೆಗೆ ಸಿಗದ ಹಾಗೆ ಒಂದು ತೂಗುಹಾಕಿ.

ಕುಶಾಲನಗರದ ಕಡೆಗೂ ಮಡಿಕೇರಿಗೂ ವ್ಯತ್ಯಾಸ ಇಲ್ವಾ?

ಖಂಡಿತ ಇದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕುಶಾಲನಗರ, ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಕಡೆ ಅದಕ್ಕಿಂತ ಎಷ್ಟೋ ತಗ್ಗು. ಅಲ್ಲಿ ಬಯಲಿನ ಒಣ ಬಿಸಿಲು. ಆ ಕಡೆ ಹಸುವಿನ ಮೈಗೆ ನೀರು ಚಿಮುಕಿಸುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಮರದಡಿಯ ತೋಟದ ಮನೆಗಳಲ್ಲಿ, ತಗ್ಗಿನ ಗದ್ದೆ ಬದಿಯ ಕೊಟ್ಟಿಗೆಗಳಲ್ಲಿ ನೀರಿಗಿಂತ ಮೊದಲು ಗಾಳಿ ಬೇಕು.

ಹಸುವಿಗೆ ಸೆಖೆ ಜಾಸ್ತಿ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉಸಿರು ಎಣಿಸಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಮಧ್ಯಾಹ್ನ ಎರಡು, ಎರಡೂವರೆ ಹೊತ್ತಿಗೆ ಹಸುವಿನ ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಲ್ಲಿ. ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಒಂದು ಗುಳಿ ಇರುತ್ತದಲ್ಲ, ಅದನ್ನೇ ನೋಡಿ. ಅದು ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ನೀವು ಬಂದ ತಕ್ಷಣ ಎಣಿಸಬೇಡಿ, ಹಿಂಡಿ ಬಂತು ಅಂತ ಅದು ಎದ್ದು ನಿಂತು ತಲೆ ಆಡಿಸುತ್ತಿರುತ್ತದೆ. ಐದು ನಿಮಿಷ ಸುಮ್ನೆ ನಿಂತು ಆಮೇಲೆ ಎಣಿಸಿ.

ನಿಮಿಷಕ್ಕೆ ಮೂವತ್ತರ ಆಸುಪಾಸು ಇದ್ದರೆ ಆರಾಮ. 60 ದಾಟಿದರೆ ಸೆಖೆ ತಟ್ಟಿದೆ. 80ರ ಮೇಲೆ ಹೋದರೆ ಏನಾದರೂ ಮಾಡಲೇಬೇಕು. ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ಕತ್ತು ಮುಂದೆ ಚಾಚಿ ಏದುಸಿರು ಬಿಡುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಕೆಳಗೆ "ಹಸು ಕುಸಿದು ಬಿದ್ದರೆ" ಅನ್ನುವ ಪ್ರಶ್ನೆಗೆ ಹೋಗಿ.

ಬೇರೆ ಗುರುತುಗಳೂ ಇವೆ. ಮಲಗುವುದಿಲ್ಲ, ನಿಂತೇ ಇರುತ್ತದೆ. ಮಲಗಿದರೆ ಮೈಯ ಬಿಸಿ ಹೊರಗೆ ಹೋಗುವುದಿಲ್ಲ ಅಂತ ಅದಕ್ಕೆ ಗೊತ್ತು. ಜೊಲ್ಲು ಸುರಿಯುತ್ತದೆ. ಮೆಲುಕು ಕಡಿಮೆಯಾಗುತ್ತದೆ. ನೀರಿನ ತೊಟ್ಟಿಯ ಹತ್ತಿರವೇ ಗುಂಪಾಗಿ ನಿಲ್ಲುತ್ತವೆ.

ನಿನ್ನೆ ಅಷ್ಟೇನೂ ಬಿಸಿಲು ಇರಲಿಲ್ಲ, ಆದರೂ ಇವತ್ತು ಹಾಲು ಇಳಿದಿದೆ. ಯಾಕೆ?

ಮೊನ್ನೆಯ ಬಿಸಿಲನ್ನು ನೆನಪಿಸಿಕೊಳ್ಳಿ. ಸೆಖೆ ತಟ್ಟಿದ ಒಂದೆರಡು ದಿನ ಕಳೆದ ಮೇಲೆ ಹಾಲು ಇಳಿಯುತ್ತದೆ. ಹಾಗಾಗಿ ನಾವು ಬಿಸಿಲನ್ನು ಬಿಟ್ಟು ಬೇರೆ ಎಲ್ಲದರ ಮೇಲೂ ತಪ್ಪು ಹೊರಿಸುತ್ತೇವೆ. ಹಿಂಡಿ ಸರಿ ಇಲ್ಲ, ದೃಷ್ಟಿ ತಾಗಿದೆ, ಕರೆಯುವವರ ಕೈ ಬದಲಾಯಿತು ಅಂತ.

ಸೆಖೆಯಲ್ಲಿ ಹಸು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಇಳಿದ ಹಾಲಿನಲ್ಲಿ ಅರ್ಧದಷ್ಟಕ್ಕೆ ಮಾತ್ರ ಅದು ಕಾರಣ. ಉಳಿದದ್ದು ಮೈ ತಣ್ಣಗೆ ಇಟ್ಟುಕೊಳ್ಳುವ ಹೋರಾಟಕ್ಕೆ ಹೋಗುತ್ತದೆ. ಕೆಚ್ಚಲಿಗೆ ಹರಿಯಬೇಕಾದ ರಕ್ತ ಚರ್ಮದ ಕಡೆಗೆ ಹರಿಯುತ್ತದೆ. ಆದ್ದರಿಂದ ಇನ್ನೂ ಎರಡು ಕೆಜಿ ಹಿಂಡಿ ಸುರಿದರೆ ಹಾಲು ವಾಪಸ್ ಬರುವುದಿಲ್ಲ.

ಹಾಗಾದರೆ ಕೊಟ್ಟಿಗೆಯಲ್ಲಿ ಮೊದಲು ಏನು ಬದಲಾಯಿಸಬೇಕು?

2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆ ಎಷ್ಟು ಕೆಟ್ಟದಾಗಿತ್ತು ಅಂತ ಎಲ್ಲರಿಗೂ ನೆನಪಿದೆ. ಆ ಮಾರ್ಚಿನಲ್ಲಿ ನಮ್ಮ ಗೌರಿ 11 ಲೀಟರಿನಿಂದ 8ಕ್ಕೆ ಇಳಿದಳು. ನಾನು ಹಿಂಡಿ ಬದಲಾಯಿಸಿದೆ. ಟಾನಿಕ್ ಕುಡಿಸಿದೆ. ಹುಳದ ಔಷಧಿಯನ್ನೂ ಹಾಕಿದೆ. ಕೊನೆಗೆ ಡಾಕ್ಟರನ್ನು ಕರೆಸಿದೆ. ಅವರು ಕೊಟ್ಟಿಗೆಯೊಳಗೆ ಬಂದು ಎರಡು ನಿಮಿಷ ನಿಂತರು. ಹಸುವನ್ನು ಮುಟ್ಟುವ ಮೊದಲೇ ಹೊರಗೆ ಹೋಗಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾ, ಮೊದಲು ಆ ಟಾರ್ಪಾಲು ಬಿಚ್ಚಿ" ಅಂದರು.

ಅದರ ಹಿಂದಿನ ಜೂನಿನಲ್ಲಿ ಇರಚಲು ಹೊಡೆಯುತ್ತದೆ ಅಂತ ಪಡುವಣ ದಿಕ್ಕಿಗೂ ತೆಂಕಣ ದಿಕ್ಕಿಗೂ ಕಟ್ಟಿದ್ದ ಟಾರ್ಪಾಲು. ಬಿಚ್ಚಿರಲೇ ಇಲ್ಲ. ಮೂರನೇ ದಿಕ್ಕಿಗೆ ಸೌದೆ ಪೇರಿಸಿದ್ದೆ.

ಕೊಡಗಿನ ಕೊಟ್ಟಿಗೆಯ ಸಮಸ್ಯೆಯೇ ಇದು. ನಾವು ಕಟ್ಟುವುದು ಮಳೆಗೆ. ತಗ್ಗಾದ ಮಾಡು (ಛಾವಣಿ), ಮುಚ್ಚಿದ ಗೋಡೆ, ಒಂದೇ ಬಾಗಿಲು. ಕಕ್ಕಡದ (ಜುಲೈ–ಆಗಸ್ಟಿನ) ಮಳೆ ಗಾಳಿಗೆ ಅದು ಬೇಕೇ ಬೇಕು, ತಪ್ಪಲ್ಲ. ಆದರೆ ಅದೇ ಕೊಟ್ಟಿಗೆ ಏಪ್ರಿಲಿನಲ್ಲಿ ಇಡ್ಲಿ ಪಾತ್ರೆ. ನಾಲ್ಕು ಹಸು ಉಸಿರು ಬಿಟ್ಟ ತೇವ, ಗಂಜಲದ ತೇವ, ಸಗಣಿಯ ಆವಿ, ಯಾವುದೂ ಹೊರಗೆ ಹೋಗುವುದಿಲ್ಲ.

ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದು ಕೈ ಖಾಲಿ ಆದ ವಾರವೇ ಟಾರ್ಪಾಲು ಬಿಚ್ಚಿ. ಗೋಡೆ ಇದ್ದರೆ ಮೂರು ನಾಲ್ಕು ಅಡಿ ಎತ್ತರ ಬಿಟ್ಟು ಮೇಲಿನದ್ದನ್ನು ತೆರೆಯಬಹುದಾ ನೋಡಿ. ಸೌದೆ, ಹುಲ್ಲಿನ ಕಂತೆ, ಗೊಬ್ಬರದ ಚೀಲಗಳನ್ನು ಗಾಳಿ ಬರುವ ಕಡೆಯಿಂದ ಸರಿಸಿ. ಮಾಡಿನ ನೆತ್ತಿಯಲ್ಲಿ ಸಂದು ಬಿಟ್ಟು, ಮೇಲೆ ಟೋಪಿ ಹಾಗೆ ಇನ್ನೊಂದು ಶೀಟು ಹಾಕಿಸಿದರೆ ಬಿಸಿಗಾಳಿ ಮೇಲಿಂದ ಹೋಗುತ್ತದೆ, ಮಳೆಯೂ ಒಳಗೆ ಬರುವುದಿಲ್ಲ. ಹೊಸದಾಗಿ ಕಟ್ಟುವವರು ಬದಿಯ ಎತ್ತರ ಏಳೆಂಟು ಅಡಿಗೆ ಕಡಿಮೆ ಇಡಬೇಡಿ, ನೆತ್ತಿ ಹನ್ನೆರಡು ಅಡಿ ಇರಲಿ.

ಮಾಡಿನ ವಿಷಯ. ತಗಡು, ಸಿಮೆಂಟ್ ಶೀಟು ಎರಡೂ ಕಾಯುತ್ತವೆ. ಮೇಲೆ ತೆಂಗಿನ ಗರಿ, ಅಡಿಕೆ ಸೋಗೆ ಅಥವಾ ಭತ್ತದ ಹುಲ್ಲು ಹೊದಿಸಿದರೆ ಒಳಗೆ ನಿಂತವರಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಇಲ್ಲವೆಂದರೆ ಹೊರಮೈಗೆ ಬಿಳಿ ಸುಣ್ಣ ಬಳಿಯಿರಿ. ನಮ್ಮಲ್ಲಿ ಮಾರ್ಚಿನ ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಮತ್ತೊಮ್ಮೆ ಬಳಿಯಬೇಕಾಗುತ್ತದೆ. ಹಳೆಯ ಸಿಮೆಂಟ್ ಶೀಟಿನ ಮೇಲೆ ಮಾತ್ರ ಹತ್ತಬೇಡಿ. ನಾನು ಹತ್ತಿ, ಶೀಟು ಮುರಿದು, ಒಂದು ಕಾಲು ಕೆಳಗೆ ತೂಗಾಡುತ್ತಿತ್ತು. ಗೌರಿ ತಲೆ ಎತ್ತಿ ಆ ಕಾಲನ್ನೇ ನೋಡುತ್ತಿದ್ದಳಂತೆ. ಏಣಿ ಬದಿಗೆ ಇಟ್ಟು ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿಯಿರಿ.

ಕೊಟ್ಟಿಗೆ ಕಾಫಿ ಕಣದ ಪಕ್ಕದಲ್ಲಿದ್ದರೆ ಸಿಮೆಂಟ್ ಕಣದ ಕಾವು ನೇರ ಒಳಗೆ ಬರುತ್ತದೆ. ಆ ಬದಿಗೆ ಹಸಿರು ನೆಟ್ ಕಟ್ಟಿ, ಗೋಡೆಯಿಂದ ಒಂದೆರಡು ಅಡಿ ಹೊರಗೆ. ಬಿಸಿಲು ತಡೆಯಬೇಕು, ಗಾಳಿ ತಡೆಯಬಾರದು.

ಫ್ಯಾನ್ ಹಾಕಿಸಬೇಕಾ?

ಕೊಟ್ಟಿಗೆ ತೆರೆದ ಮೇಲೆ, ಹೌದು. ತೆರೆಯದೆ ಹಾಕಿಸಿದರೆ ಅದೇ ಬಿಸಿಗಾಳಿ ಸುತ್ತುತ್ತದೆ. ತಗ್ಗು ತಗಡಿನ ಕೆಳಗೆ ಸೀಲಿಂಗ್ ಫ್ಯಾನ್ ಬೇಡ, ತಗಡಿನ ಕಾವನ್ನೇ ಬೆನ್ನಿಗೆ ಇಳಿಸುತ್ತದೆ. ಗೋಡೆಗೆ ಹಾಕುವ ಅಥವಾ ನಿಲ್ಲಿಸುವ ಫ್ಯಾನು ಹಸುವಿನ ಭುಜದಿಂದ ಬೆನ್ನಿನ ಉದ್ದಕ್ಕೂ ಬೀಸುವ ಹಾಗೆ ಇರಲಿ. ವೈರು ಹಸುವಿನ ಬಾಯಿಗೆ, ಕೊಂಬಿಗೆ ಸಿಗಬಾರದು. ನೆಲ ಒದ್ದೆ ಇರುವ ಜಾಗ, ಅರ್ತಿಂಗ್ ಸರಿಯಾಗಿ ಮಾಡಿಸಿ.

ಮೈಮೇಲೆ ನೀರು ಹೊಯ್ಯಬಹುದಾ? ಮಧ್ಯಾಹ್ನ ಹೊಯ್ದರೆ ಶೀತ ಆಗುತ್ತದೆ ಅನ್ನುತ್ತಾರಲ್ಲ?

ಶೀತ ಆಗುವುದಿಲ್ಲ. ನಮ್ಮ ಅತ್ತೆ ಈಗಲೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ತಣ್ಣಗೆ ಮಾಡುವುದು ನೀರಲ್ಲ, ಆ ನೀರು ಆರುವುದು. ಹಾಗಾಗಿ ನೀರು ಕೂದಲು ದಾಟಿ ಚರ್ಮಕ್ಕೆ ಇಳಿಯುವಷ್ಟು ಹೊಯ್ಯಬೇಕು, ಆಮೇಲೆ ನಿಲ್ಲಿಸಿ ಗಾಳಿಗೆ ಆರಲು ಬಿಡಬೇಕು. ಎರಡು ಮೂರು ನಿಮಿಷ ನೀರು, ಹತ್ತು ಹದಿನೈದು ನಿಮಿಷ ಗಾಳಿ, ಮತ್ತೆ ನೀರು. ಸೆಖೆ ಜಾಸ್ತಿ ಇರುವ 12ರಿಂದ 4 ಗಂಟೆಯೊಳಗೆ ಎರಡು ಮೂರು ಸಲ ಹೀಗೆ ಮಾಡಿದರೆ ಉಸಿರಿನ ಎಣಿಕೆ ಕಣ್ಣ ಮುಂದೆಯೇ ಇಳಿಯುತ್ತದೆ. ಬೆನ್ನು, ಭುಜ, ಕತ್ತಿನ ಮೇಲೆ ಹೊಯ್ಯಿರಿ. ಕೆಚ್ಚಲಿನ ತುದಿಯಿಂದ ತೊಟ್ಟಿಕ್ಕುವಷ್ಟು ಬೇಡ, ಕೊಳೆ ನೀರು ಮೊಲೆತೊಟ್ಟಿಗೆ ಇಳಿದರೆ ಕೆಚ್ಚಲುಬಾವು ಬರಲು ದಾರಿ.

ಮಂಜಿನ ಹಾಗೆ ಸಣ್ಣಗೆ ಸಿಂಪಡಿಸುವ ಫಾಗರ್ ನಮ್ಮ ಮುಚ್ಚಿದ ಕೊಟ್ಟಿಗೆಗೆ ನಾನಂತೂ ಹೇಳುವುದಿಲ್ಲ. ಹನಿ ಕೂದಲ ಮೇಲೇ ಕೂತು ಕಂಬಳಿ ಹೊದಿಸಿದ ಹಾಗಾಗುತ್ತದೆ, ಒಳಗಿನ ತೇವವೂ ಏರುತ್ತದೆ. ಒದ್ದೆ ಗೋಣಿಚೀಲ ಬೆನ್ನಿಗೆ ಹಾಕುವುದೂ ಹಾಗೆಯೇ. ಗಾಳಿ ಇದ್ದರೆ ಸರಿ, ಇಲ್ಲವೆಂದರೆ ಅರ್ಧ ಗಂಟೆಯಲ್ಲಿ ಅದು ಬಿಸಿ ಚೀಲ. ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪು ಮನೆಯಲ್ಲಿದ್ದರೆ ಅದರ ಒಂದು ತುದಿಯನ್ನು ಕೊಟ್ಟಿಗೆ ಮಾಡಿನ ಮೇಲೆ ತಿರುಗಿಸಿ. ಶೀಟು ತಣ್ಣಗಾಗುತ್ತದೆ, ಹಸು ಒದ್ದೆಯಾಗುವುದಿಲ್ಲ.

ದಿನಕ್ಕೆ ಎರಡು ಹೊತ್ತು ಕಲಗಚ್ಚು ಕೊಡುತ್ತೇವೆ. ಸಾಲದಾ?

ಸಾಲದು. ಕೈಯಲ್ಲಿ ಖರ್ಚಿಗೆ ಕಾಸಿಲ್ಲದವರು ಬೇರೆ ಯಾವುದನ್ನೂ ಮಾಡದಿದ್ದರೂ ಇದೊಂದನ್ನು ಸರಿ ಮಾಡಿ.

ಹಾಲಿನಲ್ಲಿ 87 ಶೇಕಡಾ ನೀರೇ. ಹತ್ತು ಲೀಟರ್ ಹಾಲು ಕೊಡುವ ಹಸುವಿಗೆ ಸಾಮಾನ್ಯ ದಿನದಲ್ಲೇ 60–70 ಲೀಟರ್ ನೀರು ಬೇಕು. ಸೆಖೆಗೆ ಅದು 100 ಮುಟ್ಟುತ್ತದೆ. ಎರಡು ಬಕೆಟ್ ಕಲಗಚ್ಚು ಅಂದರೆ 30 ಲೀಟರ್. ಉಳಿದದ್ದು ಎಲ್ಲಿಂದ ಬರಬೇಕು? ರಾತ್ರಿ ಹಗಲು ಎದುರಿಗೇ ನೀರು ಇರಬೇಕು. ಕರೆದ ತಕ್ಷಣ ಹಸು ಜಾಸ್ತಿ ಕುಡಿಯುತ್ತದೆ, ಆ ಹೊತ್ತಿಗೆ ತೊಟ್ಟಿ ತುಂಬಿರಲಿ.

ತೊಟ್ಟಿಯೊಳಗೆ ಒಮ್ಮೆ ಕೈ ಅದ್ದಿ ನೋಡಿ. ನಮ್ಮದು ಬಾವಿಯಿಂದ ಬರುವ ಕಪ್ಪು ಪೈಪು, ತೋಟದ ಅಂಚಿನಲ್ಲಿ ನೂರು ಅಡಿ ಬಿಸಿಲಿಗೆ ಮಲಗಿತ್ತು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲ ಎರಡು ಬಕೆಟ್ ಸ್ನಾನಕ್ಕೆ ಆಗುವಷ್ಟು ಬಿಸಿ! ಹಸು ಮೂತಿ ಇಟ್ಟು ಸರಿಯುತ್ತಿತ್ತು. ನಾವು "ಬಾಯಾರಿಕೆ ಇಲ್ಲ" ಅಂದುಕೊಂಡಿದ್ದೆವು. ಪೈಪನ್ನು ಅರ್ಧ ಅಡಿ ಮಣ್ಣಿನಡಿ ಹೂತೆವು, ತೊಟ್ಟಿಗೆ ನೆರಳು ಮಾಡಿದೆವು, ಅಷ್ಟೇ. ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ತೊಳೆದು ಒಳಗೆ ಸುಣ್ಣ ಬಳಿಯಿರಿ. ಪಾಚಿ ವಾಸನೆ ಬಂದರೆ ಹಸು ಕುಡಿಯುವುದಿಲ್ಲ.

ಮೇವು ಯಾವ ಹೊತ್ತಿಗೆ ಹಾಕಬೇಕು?

ತಿಂದ ನಾಲ್ಕೈದು ಗಂಟೆಗೆ ಹೊಟ್ಟೆಯ ಒಲೆ ಜೋರಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಗೋದಲಿ ತುಂಬಿಸಿದರೆ ಎರಡು ಗಂಟೆಗೆ ಹೊರಗೆ ಬಿಸಿಲು, ಒಳಗೆ ಬೆಂಕಿ. ಆದ್ದರಿಂದ ಬೆಳಿಗ್ಗೆ ಐದೂವರೆ ಆರಕ್ಕೆ ಒಂದು ಪಾಲು, ಸಂಜೆ ಆರರ ಮೇಲೆ ದೊಡ್ಡ ಪಾಲು, ಮಲಗುವ ಮುಂಚೆ ಇನ್ನೊಮ್ಮೆ. ದಿನದ ಮೇವಿನಲ್ಲಿ ಮೂರನೇ ಎರಡು ಭಾಗ ತಂಪು ಹೊತ್ತಿನಲ್ಲೇ ಹೋಗಲಿ. ಕೊಡಗಿನ ರಾತ್ರಿ ಬೇಸಿಗೆಯಲ್ಲೂ ತಂಪು. ಬಯಲುಸೀಮೆಯವರಿಗೆ ಇಲ್ಲದ ಈ ಅನುಕೂಲವನ್ನು ನಾವು ಬಾಗಿಲು ಹಾಕಿ ಹಾಳು ಮಾಡುತ್ತೇವೆ. ರಾತ್ರಿ ಕೊಟ್ಟಿಗೆ ತೆರೆದಿದ್ದರೆ ಹಗಲಿನ ಬಿಸಿಯನ್ನು ಹಸು ಹೊರಗೆ ಬಿಡುತ್ತದೆ. ಸೊಳ್ಳೆ ಕಾಟಕ್ಕೆ ಹೊಗೆ ಹಾಕುವ ಬದಲು ಸೊಳ್ಳೆ ಪರದೆಯ ಬಲೆ ಕಟ್ಟಿ.

ಏನು ಮೇವು ಒಳ್ಳೆಯದು?

ಬರೀ ಭತ್ತದ ಹುಲ್ಲು ಹಾಕಿದರೆ ಜೀರ್ಣವಾಗಲು ಜಾಸ್ತಿ ಹೊತ್ತು, ಜಾಸ್ತಿ ಬಿಸಿ. ಹಸಿ ಮೇವು ಇದ್ದಷ್ಟೂ ಒಳ್ಳೆಯದು. ನೇಪಿಯರ್ ಹುಲ್ಲನ್ನು ಬಚ್ಚಲು ನೀರು ಹೋಗುವ ಕಡೆ ನಾಲ್ಕು ಸಾಲು ನೆಟ್ಟರೂ ಏಪ್ರಿಲಿಗೆ ಕೈ ಹಿಡಿಯುತ್ತದೆ. ಸೋಮವಾರಪೇಟೆ, ಕುಶಾಲನಗರದ ಕಡೆ ಮುಸುಕಿನ ಜೋಳ ಬೆಳೆಯುವವರು ಹಾಲುಗಾಳು ಹೊತ್ತಿಗೆ ಕಡಿದು ರಸಮೇವು (ಸೈಲೇಜ್, ಗಾಳಿಯಾಡದ ಹಾಗೆ ಹುಳಿಸಿಟ್ಟ ಮೇವು) ಮಾಡಿಟ್ಟುಕೊಳ್ಳಬಹುದು. ತಳಿ, ಬೀಜದ ಬಗ್ಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನೀರಿಲ್ಲದೆ ಬಾಡಿದ ಎಳೆಯ ಬಿಳಿಜೋಳದ ಪೈರನ್ನು ಮಾತ್ರ ಹಸುವಿಗೆ ಹಾಕಬೇಡಿ, ಅದರಲ್ಲಿ ಸೈನೈಡ್ ವಿಷ ಇರುತ್ತದೆ.

ನಮ್ಮ ಕಡೆಯದ್ದೇ ಎರಡು ಅಪಾಯ ಹೇಳಬೇಕು. ಒಂದು, ಏಪ್ರಿಲ್, ಮೇ ತಿಂಗಳ ಮದುವೆ ಮನೆಯಲ್ಲಿ ಉಳಿದ ಅನ್ನ. ಪಾಪ, ಹಾಳಾಗುವುದು ಬೇಡ ಅಂತ ಒಂದು ಬುಟ್ಟಿ ತಂದು ಹಸುವಿನ ಮುಂದೆ ಸುರಿಯುತ್ತಾರೆ. ಎರಡು, ಹಲಸಿನ ಹಣ್ಣು. ತೋಟದಲ್ಲಿ ಬಿದ್ದದ್ದನ್ನು ಹಗ್ಗ ಬಿಚ್ಚಿಕೊಂಡ ಹಸು ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಎರಡರಲ್ಲೂ ಹೊಟ್ಟೆ ಹುಳಿಯಾಗಿ, ಮೆಲುಕು ನಿಂತು, ಹಸು ಮಲಗಿಬಿಡುತ್ತದೆ. ಸೆಖೆಯಲ್ಲಿ ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ಹುಳಿ ತಡೆಯುವ ಶಕ್ತಿಯೇ ಕಡಿಮೆಯಾಗಿರುತ್ತದೆ. ಹಾಗಾಗಿ ಜನವರಿಯಲ್ಲಿ ತಡೆದುಕೊಂಡ ಹಸು ಮೇ ತಿಂಗಳಲ್ಲಿ ತಡೆದುಕೊಳ್ಳುವುದಿಲ್ಲ. ಜಾಸ್ತಿ ತಿಂದದ್ದು ಗೊತ್ತಾದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಡಾಕ್ಟರಿಗೆ ಹೇಳಿ.

ಉಪ್ಪು, ಅಡುಗೆ ಸೋಡಾ ಎಷ್ಟು ಕೊಡಬೇಕು?

ಬೆವರು, ಜೊಲ್ಲಿನಲ್ಲಿ ಲವಣ ಹೋಗುತ್ತದೆ. ಹತ್ತು ಲೀಟರಿನ ಹಸುವಿಗೆ ದಿನಕ್ಕೆ 30–40 ಗ್ರಾಂ ಉಪ್ಪು, 50 ಗ್ರಾಂ ಮಿನರಲ್ ಮಿಕ್ಸ್ಚರ್, 50 ಗ್ರಾಂ ಅಡುಗೆ ಸೋಡಾ, ಎಲ್ಲವನ್ನೂ ಎರಡು ಹೊತ್ತಿನ ಹಿಂಡಿಯಲ್ಲಿ ಹಂಚಿ ಕೊಡಿ. ಎದುರಿಗೆ ನೀರು ಇಲ್ಲದೆ ಉಪ್ಪು ಕೊಡಬೇಡಿ. ತುಂಬುಗಬ್ಬದ ಹಸುವಿಗೆ ಸೋಡಾ ಬೇಡ, ಕರು ಹಾಕಿದ ಮೇಲೆ ಹಾಲುಜ್ವರದ ತೊಂದರೆ ಜಾಸ್ತಿಯಾಗಬಹುದು.

ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಮೇಯಿಸಿ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಇಲ್ಲಿ ಆಗುತ್ತದಾ?

ಬರೆದವರು ಕಾಡಂಚಿನ ಊರುಗಳಾದ ಬಾಳೆಲೆ, ಕುಟ್ಟದ ಕಡೆ ಮುಸ್ಸಂಜೆ ಹಸು ಹೊಡೆದುಕೊಂಡು ಬಂದವರಲ್ಲ. ಆನೆ ಇಳಿಯುವುದೂ ಅದೇ ಹೊತ್ತು, ಹುಲಿ ಓಡಾಡುವುದೂ ಅದೇ ಹೊತ್ತು. ಕಾಡಂಚಿನವರು ಹಸುವನ್ನು ಕೊಟ್ಟಿಗೆಯಲ್ಲೇ ಇಟ್ಟು ಹುಲ್ಲು ಕೊಯ್ದು ಹಾಕುವುದೇ ವಾಸಿ. ರಾತ್ರಿ ತೆರೆದಿಡಿ ಅಂದೆನಲ್ಲ, ಅವರು ಬಾಗಿಲು ತೆಗೆಯುವುದು ಬೇಡ. ಗೋಡೆಯ ಮೇಲ್ಭಾಗಕ್ಕೆ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ.

ಉಳಿದವರು ಹತ್ತು ಗಂಟೆಯೊಳಗೆ ಮೇಯಿಸಿ ತಂದು, ಹಗಲು ತೋಟದ ಮರದ ನೆರಳಿನಲ್ಲಿ ಕಟ್ಟಬಹುದು. ಹಲಸು, ಅತ್ತಿಯಂಥ ದಟ್ಟ ಮರದಡಿ ತಂಪು ಜಾಸ್ತಿ. ಸಿಲ್ವರ್ ಓಕಿನ ಚೆಲ್ಲು ನೆರಳು ನಂಬಬೇಡಿ, ಗಂಟೆಗೊಮ್ಮೆ ಸರಿಯುತ್ತದೆ, ಹಸು ಬಿಸಿಲಿಗೆ ಬೀಳುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಅಥವಾ ಕಳೆನಾಶಕ ಹೊಡೆದ ತೋಟಕ್ಕೆ ಬಿಡಲೇಬಾರದು.

ಬೇಸಿಗೆಯಲ್ಲಿ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೆ ಗರ್ಭ ನಿಲ್ಲುವುದಿಲ್ಲ. ಯಾಕೆ?

ಬೆದೆ ಬರುತ್ತದೆ, ನಮಗೆ ಕಾಣುವುದಿಲ್ಲ. ಸೆಖೆಯಲ್ಲಿ ಕೂಗುವುದೂ ಇಲ್ಲ, ಬೇರೆ ಹಸುವಿನ ಮೇಲೆ ಹಾರುವುದೂ ಇಲ್ಲ. ಬೆದೆಯ ಅವಧಿಯೂ ಚಿಕ್ಕದಾಗುತ್ತದೆ. ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹಿಂದೆ ಲೋಳೆ ಬಿದ್ದಿದೆಯಾ ನೋಡಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಕೊಡಿಸಿ. ಗರ್ಭ ಕಟ್ಟಿದರೂ ಮೊದಲ ಕೆಲವು ದಿನ ಭ್ರೂಣ ಬಿಸಿ ತಡೆಯುವುದಿಲ್ಲ. ಆದ್ದರಿಂದ ಕೊಡಿಸಿದ ದಿನ ಮತ್ತು ಆಮೇಲಿನ ಒಂದು ವಾರ ಆ ಹಸುವನ್ನು ಫ್ಯಾನಿನ ಕೆಳಗೆ ಕಟ್ಟಿ. ಅಂದ ಹಾಗೆ, ಇಂಜೆಕ್ಷನ್ ಕೊಡಿಸಲು ಹಸುವನ್ನು ನಡುಮಧ್ಯಾಹ್ನ ಎರಡು ಕಿಲೋಮೀಟರ್ ನಡೆಸಿಕೊಂಡು ಹೋಗಬೇಡಿ.

ಹಾಲು ಬತ್ತಿಸಿದ ಹಸುವಿಗೂ ಇದೆಲ್ಲ ಬೇಕಾ?

ಹಾಲಿಲ್ಲ ಅಂತ ಅದನ್ನು ಬಿಸಿಲ ಬದಿಯ ಮೂಲೆಗೆ ಕಟ್ಟುವುದು ನಮ್ಮೆಲ್ಲರ ಅಭ್ಯಾಸ. ಕರು ಹಾಕುವ ಮುಂಚಿನ ಎರಡು ತಿಂಗಳಲ್ಲೇ ಮುಂದಿನ ಸೂಲಿನ ಕೆಚ್ಚಲು ತಯಾರಾಗುವುದು. ಆಗ ಸೆಖೆ ತಟ್ಟಿದರೆ ಮುಂದಿನ ಸೂಲಿನ ಹಾಲು ಕಡಿಮೆ, ಹುಟ್ಟುವ ಕರುವಿನ ತೂಕವೂ ಕಡಿಮೆ. ಒಳ್ಳೆ ಜಾಗ ಅದಕ್ಕೂ ಕೊಡಿ.

ಮೈ ಬಿಸಿ ಇದೆ. ಇದು ಸೆಖೆಯಾ, ಜ್ವರವಾ?

ಬೆಳಗಿನ ಜಾವ ಥರ್ಮಾಮೀಟರ್ ಇಡಿ. ಹಸುವಿನ ಸಾಮಾನ್ಯ ಬಿಸಿ 101ರಿಂದ 102.5 ಫ್ಯಾರನ್‌ಹೀಟ್. ಮಧ್ಯಾಹ್ನ 103.5 ಇದ್ದು, ರಾತ್ರಿ ತಂಪಿಗೆ ಇಳಿದು, ಬೆಳಿಗ್ಗೆ 101.5 ಆಗಿದ್ದರೆ ಸೆಖೆ. ತಂಪಿನ ಬೆಳಿಗ್ಗೆಯೂ 104 ಇದ್ದರೆ ಜ್ವರ.

ಬೇಸಿಗೆ ಮಳೆ ಬಿದ್ದ ಮೇಲೆ ಉಣುಗು ಜಾಸ್ತಿಯಾಗುತ್ತದೆ. ಮಿಶ್ರತಳಿಗೆ ಉಣುಗಿನಿಂದ ಥೈಲೇರಿಯಾ, ಬಬೇಸಿಯಾ ಬರುತ್ತದೆ. ಭುಜದ ಮುಂದೆ ಗಡ್ಡೆ ಊದಿರುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಕಣ್ಣಿನ ಒಳಪೊರೆ ಬಿಳಿಚಿಕೊಳ್ಳುವುದು ಕಂಡರೆ ನೀರು ಹೊಯ್ಯುತ್ತಾ ಕೂತರೆ ಹಸು ಉಳಿಯುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಬೇಕು.

ಹಸು ಕುಸಿದು ಬಿದ್ದರೆ ಏನು ಮಾಡಬೇಕು?

ಇದ್ದಲ್ಲೇ ನೆರಳು ಮಾಡಿ, ಎಳೆದಾಡಬೇಡಿ. ತಲೆ, ಕತ್ತು, ಎದೆ, ಕಾಲುಗಳ ಮೇಲೆ ಪೈಪಿನಿಂದ ಬಿಡದೆ ನೀರು ಹಾಯಿಸಿ. ಫ್ಯಾನು ಇದ್ದರೆ ತನ್ನಿ, ಇಲ್ಲವೆಂದರೆ ಇಬ್ಬರು ನಿಂತು ಗೋಣಿಚೀಲದಲ್ಲಿ ಬೀಸಿ. ಪಕ್ಕಕ್ಕೆ ಉರುಳಿದ್ದರೆ ಎದೆಯ ಮೇಲೆ ಕೂರುವ ಹಾಗೆ ಎತ್ತಿ, ಬದಿಗೆ ಹುಲ್ಲಿನ ಮೂಟೆ ಆನಿಸಿ. ತಾನಾಗಿ ಕುಡಿದರೆ ಮಾತ್ರ ನೀರು ಕೊಡಿ. ಗೊಟ್ಟದಲ್ಲಿ, ಬಾಟಲಿಯಲ್ಲಿ ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗಿ ಅದೇ ಕೊಲ್ಲುತ್ತದೆ.

ಈ ಕೆಲಸ ನಡೆಯುವಾಗ ಇನ್ನೊಬ್ಬರು ಫೋನ್ ಮಾಡಲಿ. ಪಶು ಆಂಬುಲೆನ್ಸಿಗೆ 1962. 106 ಫ್ಯಾರನ್‌ಹೀಟ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಬಿಸಿ 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ, ಗಾಳಿ ಮುಂದುವರಿಸಿ.

ಹಾಲಿಗೆ ನೀರು ಹಾಕದಿದ್ದರೂ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಡಿಗ್ರಿ ಕಡಿಮೆ ಬರುತ್ತದೆ!

ಗೊತ್ತು, "ನೀರು ಹಾಕಿದ್ದೀರಾ" ಅನ್ನುವ ಆ ನೋಟವನ್ನು ನಾನೂ ಎದುರಿಸಿದ್ದೇನೆ. ಸೆಖೆಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಎರಡೂ ಇಳಿಯುತ್ತವೆ. ರೇಟು ನಿಂತಿರುವುದೇ ಅದರ ಮೇಲೆ, ಹೊಟ್ಟೆ ಉರಿಯುವುದು ಸಹಜ. ಒಣ ಹುಲ್ಲನ್ನು ಪೂರ್ತಿ ಬಿಡಬೇಡಿ, ರಾತ್ರಿ ಹೊತ್ತು ಸ್ವಲ್ಪ ಕೊಡಿ, ಫ್ಯಾಟ್ ಹಿಡಿಯುವುದು ನಾರಿನ ಮೇವಿನಿಂದಲೇ. ಹಾಲು ಒಡೆಯುವುದೂ ಈ ಕಾಲದಲ್ಲೇ. ಕರೆದ ಕ್ಯಾನನ್ನು ಬಾವಿ ನೀರಿನ ಬಕೆಟ್ಟಿನಲ್ಲಿ ಇಡಿ. ಬೆಳಗಿನ ಹಾಲನ್ನು ಸಂಜೆಯದ್ದಕ್ಕೆ ಸೇರಿಸಬೇಡಿ. ಆಟೋ ಬರುವ ತನಕ ಬಸ್ ಸ್ಟ್ಯಾಂಡಿನ ಬಿಸಿಲು ಕಟ್ಟೆಯ ಮೇಲೆ ಕ್ಯಾನು ಇಟ್ಟು ಮಾತಿಗೆ ನಿಲ್ಲಬೇಡಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಮಲೆನಾಡು ಗಿಡ್ಡ ಸಾಕಿದರೆ ಆಗಲ್ವಾ?

ಆಗುತ್ತದೆ. ನಮ್ಮ ಬೆಟ್ಟಕ್ಕೆ, ಮಳೆಗೆ, ಸೆಖೆಗೆ ಹೊಂದಿಕೊಂಡ ತಳಿ. ಗಾತ್ರ ಸಣ್ಣದು, ತಿನ್ನುವುದು ಕಡಿಮೆ, ಉಣುಗಿನ ಕಾಯಿಲೆಯ ಕಾಟವೂ ಕಡಿಮೆ. ಹಾಲು ಒಂದೆರಡು ಲೀಟರ್, ಒಳ್ಳೆಯದಾದರೆ ಇನ್ನೂ ಸ್ವಲ್ಪ. ಮನೆ ಖರ್ಚಿಗೆ, ಗೊಬ್ಬರಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಾಲ ತೀರಿಸಬೇಕು, ಡೈರಿಗೆ ಹಾಕಬೇಕು ಅನ್ನುವವರಿಗೆ ಅದು ಸಾಲುವುದಿಲ್ಲ. ಎಚ್‌ಎಫ್‌ಗಿಂತ ಸ್ವಲ್ಪ ಕಡಿಮೆ ಹಾಲು ಕೊಟ್ಟರೂ ಸೆಖೆ ತಡೆಯುವುದು ಜೆರ್ಸಿ ಮಿಶ್ರತಳಿ. ಮುಂದಿನ ಹಸು ತರುವಾಗ ನಾನು ಅದನ್ನೇ ನೋಡುತ್ತೇನೆ.

ಬಿಚ್ಚಿದ ಟಾರ್ಪಾಲು ಮತ್ತೆ ಯಾವಾಗ ಕಟ್ಟಬೇಕು?

ಮೇ ತಿಂಗಳ ಗುಡುಗು ಮಳೆಗೆ ಅವಸರ ಮಾಡಿ ಕಟ್ಟಬೇಡಿ. ಆ ಮಳೆ ಅರ್ಧ ಗಂಟೆ ಬಂದು ಹೋಗುತ್ತದೆ, ಆಮೇಲಿನ ಧಗೆಗೇ ಗಾಳಿ ಬೇಕಾಗುವುದು. ಮೇಲೆ ಸುರುಳಿ ಸುತ್ತಿ, ಎಳೆದರೆ ಇಳಿಯುವ ಹಾಗೆ ಎರಡು ಕಡೆ ಹಗ್ಗ ಹಾಕಿಡಿ. ಮಳೆ ಬಂದಾಗ ಇಳಿಸಿ, ನಿಂತಾಗ ಏರಿಸಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕೆಳಗಿನ ಅಂಚು ಕಟ್ಟಿ, ಮೇಲೆ ಒಂದು ಅಡಿ ಸಂದು ಆಗಲೂ ಬಿಡಿ.